ಬಿಸಿಲಿಗೆ ಒಣಗಿಸಿದ ಕ್ಯಾಸೆಟ್ಟು

ಅಶ್ವತ್ಥನಾರಾಯಣರು ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರಾಗಿ ನಿವೃತ್ತರಾದವರು. ಕೆಲಸದಲ್ಲಿದ್ದಷ್ಟು ಕಾಲ ಬೇರೆಯವರ ಖರ್ಚಿನ ಪ್ರಸ್ತಾವಗಳ ಮೇಲೆ ‘ಇದು ಅಗತ್ಯವೇ?’ ಎಂದು ಬರೆದು ಹಿಂದಕ್ಕೆ ಕಳಿಸುವುದೇ ಅವರ ಕಾಯಕವಾಗಿತ್ತು. ನಿವೃತ್ತರಾದ ಮೇಲೆ ಹಿಂದಕ್ಕೆ ಕಳಿಸಲು ಬೇರೆಯವರ ಪ್ರಸ್ತಾವಗಳು ಸಿಗದೆ ಮನೆಯವರ ಪ್ರಸ್ತಾವಗಳನ್ನೇ ಹಿಂದಕ್ಕೆ ಕಳಿಸತೊಡಗಿದರು. ವಸಂತ್ ಕುಂಜಿನ ಅವರ ಡಿಡಿಎ ಫ್ಲಾಟಿನಲ್ಲಿ ಕೂಲರ್ ಇತ್ತು, ಏಸಿ ಇರಲಿಲ್ಲ. ಜಗತ್ತೆಲ್ಲ ಎಸೆದ ಡಿವಿಡಿ ಪ್ಲೇಯರ್ ಇತ್ತು, ಇಂಟರ್‌ನೆಟ್ ಇರಲಿಲ್ಲ. ಹೆಂಡತಿ ದೇವಕಿ ಇದ್ದಳು, ಈಗ ಹನ್ನೊಂದು ತಿಂಗಳಿಂದ ಅವಳೂ ಇರಲಿಲ್ಲ.

ಮಗಳು ಅಪೂರ್ವ ಗಂಡನ ಜೊತೆ ಗ್ರೇಟರ್ ನೋಯ್ಡಾದಲ್ಲಿದ್ದಳು. ದೆಹಲಿಯ ಈ ತುದಿಯಿಂದ ಆ ತುದಿಗೆ ಹೋಗಿ, ಆಮೇಲೂ ಅಷ್ಟೇ ದೂರ ಹೋದರೆ ಅವಳ ಮನೆ. ಹಾಗಾಗಿ ತಂದೆ ಮಗಳ ಭೇಟಿ ಹೆಚ್ಚಾಗಿ ಫೋನಿನಲ್ಲೇ ನಡೆಯುತ್ತಿತ್ತು. ಮೇ ತಿಂಗಳ ಒಂದು ಭಾನುವಾರ ಅವಳು ಫೋನ್ ಮಾಡಿದಳು.

“ಅಪ್ಪಾ, ಅಮ್ಮನ ವರ್ಷಾಬ್ದಿಕಕ್ಕೆ ಲೀವ್ ಹಾಕಿದೀನಿ.”

“ಒಳ್ಳೇದಾಯ್ತು. ಕ್ಯಾಶುಯಲ್ ಹಾಕು. ಅರ್ನ್ಡ್ ಲೀವ್ ಮುಟ್ಟಬೇಡ, ಮುಂದೆ ಕೂಡಿಡಬಹುದು.”

“ಅದಿರಲಿ ಅಪ್ಪಾ. ನಂಗೆ ಅಮ್ಮನ ವಾಯ್ಸ್ ನೆನಪೇ ಆಗ್ತಿಲ್ಲ. ಆಪರೇಷನ್‌ಗೆ ಮುಂಚಿನ ವಾಯ್ಸ್. ಕಿತ್ನಾ ಟ್ರೈ ಕಿಯಾ, ಎಷ್ಟು ನೆನೆಸಿಕೊಂಡ್ರೂ ಬರೀ ಆ ಪಿಸುಪಿಸುನೇ ಬರತ್ತೆ.”

ಅಶ್ವತ್ಥನಾರಾಯಣರು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು. ಅವರಿಗೂ ನೆನಪಾಗುತ್ತಿರಲಿಲ್ಲ. ಅದನ್ನು ಮಗಳಿಗೆ ಹೇಳುವ ಧೈರ್ಯ ಇರಲಿಲ್ಲ.

ಒಂದು ಕಾಲದಲ್ಲಿ ದೆಹಲಿಯ ಕನ್ನಡಿಗರಲ್ಲಿ ದೇವಕಿಯ ಹಾಡಿಲ್ಲದೆ ಯಾವ ಶುಭಕಾರ್ಯವೂ ನಡೆಯುತ್ತಿರಲಿಲ್ಲ. ಪುರೋಹಿತರನ್ನು ಗೊತ್ತುಮಾಡುವ ಮೊದಲೇ ಅವಳನ್ನು ಗೊತ್ತುಮಾಡುತ್ತಿದ್ದರು. ಹಸೆಗೆ ಕರೆಯುವುದು, ಆರತಿ, ಬೀಗರನ್ನು ಹಂಗಿಸುವುದು, ಎಲ್ಲಕ್ಕೂ ಅವಳ ಬಳಿ ಅಜ್ಜಿಯ ಕಾಲದ ಹಾಡಿತ್ತು. ಅಪೂರ್ವ ಶಾಲೆಗೆ ಹೋಗುವ ಹುಡುಗಿಯಾಗಿದ್ದಾಗ ಗಂಟಲಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಯಿತು. ಗಂಟು ಹೋಯಿತು, ಅದರ ಜೊತೆಗೆ ದನಿಯೂ ಹೋಯಿತು. ಆಮೇಲೆ ಬದುಕಿದ್ದಷ್ಟು ವರ್ಷ ದೇವಕಿ ಪಿಸುಗುಟ್ಟಿಕೊಂಡೇ ಸಂಸಾರ ಮಾಡಿದಳು. ಮೊಬೈಲಿನಲ್ಲಿ ಇದ್ದದ್ದೂ ಅದೇ ಪಿಸುಮಾತು: ಹಾಲು ತನ್ನಿ, ಸಿಲಿಂಡರ್ ಬಂತು, ಔಷಧಿ ತಗೊಂಡ್ರಾ.

ಆದರೆ ಒಂದು ಆಧಾರ ಉಳಿದಿತ್ತು. ಅಪೂರ್ವಳ ನಾಮಕರಣದ ವಿಡಿಯೊ ಕ್ಯಾಸೆಟ್ಟು. ಅದರಲ್ಲಿ ದೇವಕಿ ತೊಟ್ಟಿಲು ತೂಗಿ ಹಾಡಿದ್ದಳು.

“ನಾಮಕರಣದ ಕ್ಯಾಸೆಟ್ ಇದೆಯಲ್ಲ,” ಎಂದರು ಅಶ್ವತ್ಥನಾರಾಯಣರು. “ಡಿಸ್ಕ್ ಮಾಡಿಸ್ತೀನಿ. ವರ್ಷಾಬ್ದಿಕದ ದಿನ ಹಾಕೋಣ.”

ಫೋನಿನ ಆ ಕಡೆ ಮಗಳು ಅತ್ತ ಹಾಗಾಯಿತು. ಅಪ್ಪ ತಾನಾಗಿ ಒಂದು ಖರ್ಚಿಗೆ ಒಪ್ಪಿಕೊಂಡದ್ದು ಅವಳ ತಿಳಿವಳಿಕೆಯಲ್ಲಿ ಅದೇ ಮೊದಲು.

ದಿವಾನದ ಪೆಟ್ಟಿಗೆಯಲ್ಲಿ ರಜಾಯಿಗಳ ಅಡಿಯಿಂದ ಕ್ಯಾಸೆಟ್ಟನ್ನು ಹೊರತೆಗೆದು, ಅಶ್ವತ್ಥನಾರಾಯಣರು ಮೆಟ್ರೋ ಹಿಡಿದು ಲಕ್ಷ್ಮೀ ನಗರಕ್ಕೆ ಹೋದರು. ಅಲ್ಲಿ ಕೋಚಿಂಗ್ ಸೆಂಟರುಗಳ ಬೋರ್ಡಿನಡಿ ದಿಲೀಪ್ ಎಂಬಾತನ ಅಂಗಡಿ. ಹಿಂದೆ ಮದುವೆ ವಿಡಿಯೊಗಳ ಮಿಕ್ಸಿಂಗ್ ಮಾಡುತ್ತಿದ್ದವನು ಈಗ ಹುಡುಗರ ನೋಟ್ಸ್ ಜೆರಾಕ್ಸ್ ಮಾಡುತ್ತಿದ್ದ. ಹಳೆಯ ವಿಸಿಆರ್ ಒಂದನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡಿದ್ದ.

ದಿಲೀಪ್ ಕ್ಯಾಸೆಟ್ಟಿನೊಳಕ್ಕೆ ಟಾರ್ಚ್ ಬಿಟ್ಟು ನೋಡಿದ. “ಅಂಕಲ್‌ಜೀ, ಫಂಗಸ್ ಲಗ್ ಗಯಾ. ಕ್ಲೀನಿಂಗ್ ಅಲಗ್ ಸೆ ಲಗೇಗಾ.”

ಟೇಪಿನ ಅಂಚಿಗೆ ಬಿಳಿಯ ಬೂಷ್ಟು ಹಿಡಿದಿತ್ತು. ಅದನ್ನು ತೆಗೆಯಲು ಬೇರೆ ಚಾರ್ಜು ಎಂಬುದು ಅಶ್ವತ್ಥನಾರಾಯಣರ ಕಿವಿಗೆ ಬಿದ್ದದ್ದೇ ತಡ, ಅವರೊಳಗಿನ ಸೆಕ್ಷನ್ ಆಫೀಸರು ಎದ್ದು ಕುಳಿತರು. ಇದು ಅಗತ್ಯವೇ? ಬೂಷ್ಟು ಅವರು ಕಾಣದ್ದೇ? ಅಕ್ಕಿಗೆ ಹುಳು ಬಿದ್ದರೆ ಬಿಸಿಲು, ಹುಣಸೆಹಣ್ಣಿಗೆ ಬೂಷ್ಟು ಬಂದರೆ ಬಿಸಿಲು, ಹಾಸಿಗೆಗೆ ತಿಗಣೆ ಬಂದರೂ ಬಿಸಿಲೇ. ದೇವಕಿ ಅಷ್ಟು ವರ್ಷ ಮನೆ ನಡೆಸಿದ್ದು ಇದೇ ಶಾಸ್ತ್ರದ ಮೇಲೆ. ಅದೂ ದೆಹಲಿಯ ಮೇ ತಿಂಗಳ ಬಿಸಿಲು ಪುಕ್ಕಟೆಯಾಗಿ ಬೀಳುತ್ತಿರುವಾಗ.

“ಮೈ ಖುದ್ ಕರ್ ಲೂಂಗಾ,” ಎಂದು, ತಾವೇ ಶುಚಿ ಮಾಡಿಕೊಳ್ಳುವುದಾಗಿ ಹೇಳಿ ಕ್ಯಾಸೆಟ್ ವಾಪಸು ತಂದರು.

ಮಾರನೆಯ ದಿನ ಊಟದ ನಂತರ ತಾರಸಿಯ ಮೇಲೆ ಹಳೆಯ ಸೀರೆ ಹಾಸಿ, ಅದರ ಮೇಲೆ ಕ್ಯಾಸೆಟ್ ಇಟ್ಟು, ಕಾಗೆ ಮುಟ್ಟದಂತೆ ಪಕ್ಕದಲ್ಲಿ ಕಪ್ಪು ಕೊಡೆಯೊಂದನ್ನು ಬಿಚ್ಚಿಟ್ಟು ಅಶ್ವತ್ಥನಾರಾಯಣರು ಕೆಳಗೆ ಬಂದು ಮಲಗಿದರು. ಸ್ವಲ್ಪ ಹೊತ್ತಿಗೆ ನೀರಿನ ಟ್ಯಾಂಕ್ ನೋಡಲು ಮೇಲೆ ಹೋದ ವಾಚ್‌ಮನ್ನಿಗೆ ಬಟ್ಟೆ, ಕೊಡೆ ಮತ್ತು ಕಪ್ಪು ಪೆಟ್ಟಿಗೆ ಒಟ್ಟಿಗೆ ಕಂಡವು. ಅವನು ಫೋಟೋ ತೆಗೆದು ಸೊಸೈಟಿಯ ಸೆಕ್ರೆಟರಿಗೆ ಕಳಿಸಿದ. ಸೆಕ್ರೆಟರಿ ಅದನ್ನು ‘ವಾರಸುದಾರರಿಲ್ಲದ ಲಾವಾರಿಸ್ ವಸ್ತು, ಯಾರೂ ಮುಟ್ಟಬೇಡಿ’ ಎಂಬ ಎಚ್ಚರಿಕೆಯೊಂದಿಗೆ ಇಡೀ ಬ್ಲಾಕಿಗೆ ಕಳಿಸಿದರು. ಬಾಂಬೋ ಏನೋ ಎಂದು ಜನ ಮೆಟ್ಟಿಲಲ್ಲಿ ಸೇರಿದರು. ಪೊಲೀಸರನ್ನು ಕರೆಯಬೇಕೆಂದು ಒಬ್ಬರು, ಕರೆದರೆ ಫ್ಲಾಟುಗಳ ಬೆಲೆ ಬಿದ್ದುಹೋಗುತ್ತದೆಂದು ಇನ್ನೊಬ್ಬರು. ಚರ್ಚೆ ಸಂಜೆಯವರೆಗೂ ಸಾಗಿತು. ಅಷ್ಟೂ ಹೊತ್ತು ಕ್ಯಾಸೆಟ್ಟು ಬಿಸಿಲಿನಲ್ಲೇ ಇತ್ತು, ಏಕೆಂದರೆ ಮುಟ್ಟಬಾರದೆಂದು ಲಿಖಿತ ಆದೇಶವಿತ್ತು. ಗಲಾಟೆಗೆ ಎದ್ದ ಅಶ್ವತ್ಥನಾರಾಯಣರು ಎರಡು ಕೈಯಲ್ಲಿ ಕಣ್ಣುಜ್ಜಿಕೊಳ್ಳುತ್ತಾ ಬಂದು, ಆ ವಸ್ತು ತಮ್ಮದೆಂದು ಒಪ್ಪಿಕೊಂಡಾಗ ಬೂಷ್ಟು ಪೂರ್ತಿ ಹೋಗಿತ್ತು.

“ಇಸೇ ತವೇ ಪೇ ಸೇಕಾ ಥಾ ಕ್ಯಾ, ಅಂಕಲ್‌ಜೀ?” ಎಂದು ಮರುದಿನ ಅಂಗಡಿಯಲ್ಲಿ ಕೇಳಿದ ದಿಲೀಪ್, ಕಾವಲಿಯ ಮೇಲೆ ಸುಟ್ಟಿರಾ ಎಂಬರ್ಥದಲ್ಲಿ. ಡಬ್ಬಿ ಸೊಟ್ಟಗಾಗಿತ್ತು. ಒಳಗಿನ ಟೇಪು ಕರಿದ ಹಪ್ಪಳದಂತೆ ನಿರಿಗೆಗಟ್ಟಿತ್ತು. ಒಂದು ಚೂರೂ ಓಡುವಂತಿರಲಿಲ್ಲ.

ಅಶ್ವತ್ಥನಾರಾಯಣರು ಮೆಟ್ರೋದಲ್ಲಿ ಹಿರಿಯರ ಸೀಟು ಖಾಲಿಯಿದ್ದರೂ ನಿಂತುಕೊಂಡೇ ಮನೆಗೆ ಬಂದರು. ರಾತ್ರಿ ಮಗಳು ಕೇಳಿದಾಗ “ಲ್ಯಾಬಿನಲ್ಲಿದೆ, ಪ್ರೋಸೆಸ್ ಆಗ್ತಿದೆ” ಎಂದರು. ಸರ್ಕಾರಿ ಕಡತಗಳಲ್ಲಿ ಈ ವಾಕ್ಯದಿಂದ ಎಷ್ಟೋ ವರ್ಷ ಕಳೆಯಬಹುದು. ವರ್ಷಾಬ್ದಿಕಕ್ಕೆ ಒಂದು ತಿಂಗಳಷ್ಟೇ ಇತ್ತು.

ಯೋಚನೆ ಮಾಡಿ ಮಾಡಿ ಅವರಿಗೊಂದು ದಾರಿ ಹೊಳೆಯಿತು. ದೇವಕಿ ಹಾಡಿದ್ದು ತಮ್ಮ ಮನೆಯಲ್ಲಿ ಮಾತ್ರವಲ್ಲ. ಊರವರ ಮದುವೆ ಮುಂಜಿಗಳಲ್ಲೆಲ್ಲ ಹಾಡಿದ್ದಾಳೆ. ಅವರ ಕ್ಯಾಸೆಟ್ಟುಗಳಲ್ಲಿ ಇರಲೇಬೇಕು. ಅಲ್ಲದೆ ಹತ್ತು ಕ್ಯಾಸೆಟ್ ಒಟ್ಟಿಗೆ ತಂದರೆ ಅರ್ಧ ರೇಟಿನಲ್ಲಿ ಮಾಡಿಕೊಡುವುದಾಗಿ ದಿಲೀಪ್ ಹೇಳಿದ್ದ.

ಮೊದಲು ಹೋದದ್ದು ಪಕ್ಕದ ಬ್ಲಾಕಿನ ವಸಂತಿಯ ಮನೆಗೆ. ವಸಂತಿಯ ಮದುವೆ ಕನ್ನಡ ಸಂಘದ ಹಾಲಿನಲ್ಲಿ ಆಗಿತ್ತು. ದೇವಕಿಯೇ ಅವಳನ್ನು ಹಸೆಗೆ ಕರೆದವಳು. ವಸಂತಿ ಕಾಫಿ ಕೊಟ್ಟು ಎದುರಿಗೆ ಕುಳಿತಳು.

“ನಮ್ಮ ಮದುವೆ ಕ್ಯಾಸೆಟ್ ನಿಮಗ್ಯಾಕೆ ಅಂಕಲ್?”

ಎಪ್ಪತ್ತು ವರ್ಷದ ಮನುಷ್ಯ ಹೆಂಡತಿಯ ದನಿ ಕೇಳಬೇಕೆನಿಸಿದೆ ಎಂದು ಬೇರೆಯವರ ಸೋಫಾದ ಮೇಲೆ ಕುಳಿತು ಹೇಗೆ ಹೇಳುವುದು? ಇರುವ ಒಂದನ್ನು ಹಪ್ಪಳ ಮಾಡಿದೆ ಎಂದಂತೂ ಹೇಳುವಂತಿರಲಿಲ್ಲ. ಅಶ್ವತ್ಥನಾರಾಯಣರು ಕನ್ನಡಕ ಸರಿಪಡಿಸಿಕೊಂಡರು.

“ಒಂದು ಸಾಕ್ಷ್ಯಚಿತ್ರ ಮಾಡೋಣ ಅಂತ. ದೆಹಲಿ ಕನ್ನಡಿಗರ ಸಾಂಸ್ಕೃತಿಕ ಬದುಕು.”

“ಯಾರು, ನೀವಾ?”

“ಸದ್ಯಕ್ಕೆ ಪ್ರಾಥಮಿಕ ಹಂತದಲ್ಲಿದೆ.”

ವಸಂತಿ ಕ್ಯಾಸೆಟ್ ತಂದುಕೊಟ್ಟಳು. “ನಾನು ಅಳೋದೆಲ್ಲ ತೆಗೆದುಬಿಡಿ ಅಂಕಲ್. ನಮ್ಮತ್ತೆ ಎಲೆ ಮುಂದಿನಿಂದ ಎದ್ದು ಹೋಗ್ತಾರಲ್ಲ, ಅದು ಮಾತ್ರ ಇರಲಿ. ಸ್ವಲ್ಪ ನಿಧಾನವಾಗಿ ತೋರಿಸಕ್ಕಾಗತ್ತಾ?”

ಬೇಲಿಯ ಮೇಲೆ ಹೋಗುವ ಓತಿಕೇತವನ್ನು ಮೈಮೇಲೆ ಬಿಟ್ಟುಕೊಳ್ಳುವುದು ಎಂದರೆ ಇದೇ. ಸಂಜೆಯೊಳಗೆ ಸುದ್ದಿ ಸಂಘದ ವಾಟ್ಸಾಪಿಗೆ ಬಂತು. ರಾತ್ರಿಯೊಳಗೆ ಸಾಕ್ಷ್ಯಚಿತ್ರಕ್ಕೆ ಹೆಸರಿಟ್ಟಾಯಿತು. ಮರುದಿನ ಸಂಘದ ಅಧ್ಯಕ್ಷರಾದ ಮಹಂತೇಶ್ ಸ್ವತಃ ಮನೆಗೆ ಬಂದರು. ಅವರು ಎರಡು ಮಾತಿನ ಸಭೆಯಲ್ಲೂ ಮೈಕ್ ಬೇಕೆನ್ನುವವರು.

“ಸಂಘಕ್ಕೆ ತಿಳಿಸದೆ ಸಂಘದ ಸಾಕ್ಷ್ಯಚಿತ್ರ ಮಾಡ್ತಿದೀರಲ್ರೀ,” ಎಂದು ಆಕ್ಷೇಪಿಸಿದರು. “ಆದರೂ ನಾವು ಬೆಂಬಲ ಕೊಡ್ತೀವಿ. ಹಣ ಬಿಟ್ಟು ಬೇರೆ ಏನು ಬೇಕಾದರೂ ಕೇಳಿ.”

“ಇನ್ನೂ ಏನೂ ತೀರ್ಮಾನ...”

“ದಿನ ತೀರ್ಮಾನ ಆಗಿದೆ. ಮುಂದಿನ ತಿಂಗಳ ಕೊನೇ ಭಾನುವಾರ, ಬೆಳಿಗ್ಗೆ ತಿಂಡಿ ಆದ ಮೇಲೆ. ಮುಖ್ಯ ಅತಿಥಿಯಾಗಿ ಬರೋಕೆ ಒಬ್ಬ ಜಾಯಿಂಟ್ ಸೆಕ್ರೆಟರಿ ಒಪ್ಪಿದ್ದಾರೆ. ಇದರಲ್ಲಿ ನನ್ನ ರಾಜ್ಯೋತ್ಸವದ ಭಾಷಣ ಇದೆ. ಕತ್ತರಿಸೋ ಅಗತ್ಯ ಬೀಳಲ್ಲ.” ಹಾಗೆಂದು ಎರಡು ಕ್ಯಾಸೆಟ್ಟುಗಳನ್ನು ಟೀಪಾಯಿಯ ಮೇಲಿಟ್ಟರು.

ಆಮೇಲೆ ಕ್ಯಾಸೆಟ್ಟುಗಳು ತಾವಾಗಿಯೇ ಬಂದವು. ಒಂದೊಂದರ ಜೊತೆಗೂ ಒಂದು ಷರತ್ತು. ಮೊದಲನೇ ಸೊಸೆ ಕಾಣಬಾರದು. ಬೀಗರು ಕೊಟ್ಟ ಬೆಳ್ಳಿತಟ್ಟೆ ಕಾಣಲೇಬೇಕು. ಬಾಡಿಗೆಗೆ ತಂದ ಸೂಟಿನಲ್ಲಿ ನಿಂತ ಮದುಮಗ ಈಗ ದೊಡ್ಡ ಹುದ್ದೆಯಲ್ಲಿದ್ದು, ಆ ಸೂಟು ಬೇರೆ ಮೂರು ಮದುವೆಗಳಲ್ಲೂ ಕಾಣಿಸಿಕೊಂಡಿರುವುದರಿಂದ ಕುತ್ತಿಗೆಯ ಕೆಳಕ್ಕೆ ತೋರಿಸಬಾರದು. ಅಶ್ವತ್ಥನಾರಾಯಣರು ಎಲ್ಲಕ್ಕೂ “ಪರಿಶೀಲಿಸಲಾಗುವುದು” ಎಂದು ಹೇಳಿ, ಚೀಲ ತುಂಬಿಕೊಂಡು ಲಕ್ಷ್ಮೀ ನಗರಕ್ಕೆ ಹೋದರು. ಈ ಸಲ ಬೂಷ್ಟು ತೆಗೆಯುವ ಚಾರ್ಜಿಗೆ ಚಕಾರ ಎತ್ತಲಿಲ್ಲ.

ಪೆನ್‌ಡ್ರೈವ್ ಸಾಕಲ್ಲ, ಡಿಸ್ಕ್ ಯಾರು ಹಾಕುತ್ತಾರೆ ಎಂದ ದಿಲೀಪ್. ಪ್ಲೇಯರ್ ಇರುವಾಗ ಪೆನ್‌ಡ್ರೈವ್ ಕೊಳ್ಳುವುದು ದುಂದುವೆಚ್ಚ ಎಂದರು ಇವರು. ವಾರದೊಳಗೆ ಡಿಸ್ಕುಗಳು ಬಂದವು.

ಮೊದಲು ವಸಂತಿಯ ಮದುವೆ ಹಾಕಿದರು. ಹೊಗೆ, ಹೋಮ, ಓಡಾಡುವ ಮಕ್ಕಳು. ಇದ್ದಕ್ಕಿದ್ದಂತೆ ಪರದೆಯ ಮೇಲೆ ದೇವಕಿ ಬಂದಳು. ಹಸಿರು ರೇಷ್ಮೆ ಸೀರೆ, ಕಿವಿಯ ಪಕ್ಕ ಒಂದು ಮಲ್ಲಿಗೆಯ ತುಂಡು. ಕುತ್ತಿಗೆಯ ಮೇಲೆ ಇನ್ನೂ ಆಪರೇಷನ್ನಿನ ಗಾಯವಿಲ್ಲ. ಹಸೆಯ ಪಕ್ಕ ಕುಳಿತು, ಕಣ್ಣು ಅರ್ಧ ಮುಚ್ಚಿ, ಹಾಡಲು ಬಾಯಿ ತೆರೆದಳು. ಅಶ್ವತ್ಥನಾರಾಯಣರು ಕುರ್ಚಿಯನ್ನು ಟಿವಿಯ ಹತ್ತಿರಕ್ಕೆ ಎಳೆದುಕೊಂಡರು.

ದೇವಕಿಯ ಬಾಯಿಂದ ಹಿಂದಿ ಸಿನಿಮಾದ ನಾಯಕನೊಬ್ಬನ ದನಿ ಹೊರಬಂತು. ಅವನು ನಿನ್ನ ಕಣ್ಣಿನಲ್ಲಿ ಮುಳುಗಿ ಸಾಯುತ್ತೇನೆ ಎಂಬರ್ಥದಲ್ಲಿ ಹಾಡುತ್ತಿದ್ದ. ಹಿಂದೆ ಗಿಟಾರಿತ್ತು.

ಎರಡನೆಯ ಡಿಸ್ಕಿನಲ್ಲಿ ಅವಳು ಆರತಿ ಎತ್ತಿ ಹಾಡುವಾಗ ಶಹನಾಯಿ ಕೇಳಿತು. ಮೂರನೆಯದರಲ್ಲಿ ಪಂಜಾಬಿ ಡೋಲು. ನಾಲ್ಕನೆಯದರಲ್ಲಿ ಮತ್ತೆ ಅದೇ ಮುಳುಗಿ ಸಾಯುವವನು. ಯಾವ ಡಿಸ್ಕ್ ಹಾಕಿದರೂ ದೇವಕಿಯ ತುಟಿ ಕನ್ನಡದಲ್ಲಿ ಅಲ್ಲಾಡುತ್ತಿತ್ತು, ಹಾಡು ಬಾಂಬೆಯಿಂದ ಬರುತ್ತಿತ್ತು. ಅಡಿಯಲ್ಲೆಲ್ಲಾದರೂ ಅವಳ ದನಿ ಉಳಿದಿದ್ದೀತೆಂದು ಅಶ್ವತ್ಥನಾರಾಯಣರು ಟಿವಿಯ ವಾಲ್ಯೂಮ್ ಪೂರ್ತಿ ಏರಿಸಿ, ಸ್ಪೀಕರಿಗೆ ಕಿವಿ ಕೊಟ್ಟು ಕುಳಿತರು. ಒಂದು ದಿನವಲ್ಲ, ನಾಲ್ಕಾರು ದಿನ. ಕಿವಿ ಗುಂಯ್ ಎನ್ನತೊಡಗಿದ್ದೊಂದೇ ಬಂತು.

ಈ ತಪಸ್ಸು ಮೇಲಿನ ಮನೆಯವರಿಗೆ ಬೇರೆ ರೀತಿಯಲ್ಲಿ ಕೇಳಿಸುತ್ತಿತ್ತು. ಹೆಂಡತಿ ಸತ್ತು ವರ್ಷ ತುಂಬಿಲ್ಲ, ಮನೆಯಿಂದ ಬೆಳಗಿನಿಂದ ಸಂಜೆಯವರೆಗೆ ಪ್ರೇಮಗೀತೆ. ಕಿಟಕಿಯಿಂದ ಇಣುಕಿದವರಿಗೆ ಅವರು ಮದುಮಗಳ ವಿಡಿಯೊಗಳನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡುವುದು ಕಂಡಿತು. ಮೇಲಿನ ಮನೆಯಾಕೆ ವಸಂತಿಗೆ ಹೇಳಿದಳು. ವಸಂತಿ ಅಪೂರ್ವಳಿಗೆ ಫೋನ್ ಮಾಡಿ, ಗಂಡಸರಿಗೆ ಆ ವಯಸ್ಸಿನಲ್ಲಿ ಹಾಗಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡ ಎಂದಳು. ಅಪೂರ್ವ ಆಫೀಸಿಗೆ ರಜೆ ಹಾಕಿ, ನೋಯ್ಡಾದ ಟ್ರಾಫಿಕ್ಕೆಲ್ಲ ದಾಟಿ ಬಂದಳು. ಕೈಯಲ್ಲಿ ಸ್ವೀಟ್ ಡಬ್ಬಿ ಇತ್ತು.

“ಅಪ್ಪಾ, ನೀನು ಲೋನ್ಲಿ ಆಗಿದ್ರೆ ನಂಗೆ ಸ್ಟ್ರೇಟಾಗಿ ಹೇಳು. ಐ ವಿಲ್ ಅಂಡರ್‌ಸ್ಟ್ಯಾಂಡ್. ಯಾರಾದ್ರೂ ಇದ್ದಾರಾ?”

“ಯಾರು?”

“ಮತ್ಲಬ್, ಯಾರಾದ್ರೂ. ವಸಂತಿ ಆಂಟಿ ಹೇಳಿದ್ರು. ನೀನು ಮದುವೆ ಬಗ್ಗೆ ಯೋಚನೆ ಮಾಡ್ತಿದೀಯ ಅಂತ.”

ಅಶ್ವತ್ಥನಾರಾಯಣರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಅವರು ರಿಮೋಟ್ ಒತ್ತಿದರು. ದೇವಕಿ ಬಾಯಿ ತೆರೆದಳು. ನಾಯಕ ಹಾಡಿದ.

“ನಿಮ್ಮಮ್ಮನ್ನ ಹುಡುಕ್ತಿದೀನಿ ಕಣಮ್ಮ,” ಎಂದರು. “ಎಲ್ಲದರಲ್ಲೂ ಇದ್ದಾಳೆ. ಒಂದರಲ್ಲೂ ಸಿಗ್ತಿಲ್ಲ.”

ಅಪೂರ್ವ ಸ್ವೀಟ್ ಡಬ್ಬಿಯನ್ನು ಕೆಳಗಿಟ್ಟು ಅಪ್ಪನ ಪಕ್ಕ ಕುಳಿತಳು. ಇಬ್ಬರೂ ಒಂದಷ್ಟು ಹೊತ್ತು ದೇವಕಿಯ ತುಟಿ ಅಲ್ಲಾಡುವುದನ್ನು ನೋಡಿದರು. ಆಮೇಲೆ ಇಬ್ಬರೂ ಸೇರಿ ದಿಲೀಪನ ಅಂಗಡಿಗೆ ಹೋದರು.

ದಿಲೀಪನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಜೆರಾಕ್ಸ್ ಮಾಡುತ್ತಲೇ ಹೇಳಿದ. ಆ ಕಾಲದಲ್ಲಿ ಮಿಕ್ಸಿಂಗ್ ಎಂದರೆ ಅದೇ. ಸಿನಿಮಾ ಹಾಡು ತುಂಬದೆ ಕ್ಯಾಸೆಟ್ ಕೊಟ್ಟರೆ ಪಾರ್ಟಿಗಳು ಜಗಳಕ್ಕೆ ಬರುತ್ತಿದ್ದರು. “ಔರತೋಂ ಕಾ ಗಾನಾ ತೋ ಸಬ್ ಸೆ ಪೆಹಲೇ ಹಟಾತೇ ಥೇ,” ಎಂದ. ಹೆಂಗಸರ ಹಾಡನ್ನು ಎಲ್ಲಕ್ಕಿಂತ ಮೊದಲು ತೆಗೆಯುತ್ತಿದ್ದರಂತೆ. ತೆಗೆದದ್ದು ಎಲ್ಲಿ ಹೋಯಿತೆಂದು ಅಪೂರ್ವ ಕೇಳಿದಳು. ಎಲ್ಲಿಗೂ ಹೋಗಿಲ್ಲ, ಅಳಿಸಿಹೋಗಿದೆ ಎಂದ.

“ಮಿಕ್ಸಿಂಗ್ ಮಾಡಿಸದೇ ಇರೋರು ಯಾರೂ ಇರಲಿಲ್ವಾ ಭಯ್ಯಾ?” ಎಂದು ಅಪೂರ್ವ ಹಿಂದಿಯಲ್ಲಿ ಕೇಳಿದಳು.

“ಮಿಕ್ಸಿಂಗ್ ಕಾ ಪೈಸಾ ಬಚಾನೇವಾಲಾ? ಐಸಾ ಕಂಜೂಸ್ ಕೌನ್ ಹೋಗಾ?”

ಮಿಕ್ಸಿಂಗಿನ ದುಡ್ಡನ್ನೂ ಉಳಿಸುವಂಥ ಜಿಪುಣ. ತಂದೆ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರ ಬಾಯಿಂದಲೂ ಒಂದೇ ಹೆಸರು ಬಂತು. ಗುಂಡಣ್ಣ.

ಗುಂಡಣ್ಣ ರೈಲ್ವೆಯಲ್ಲಿ ಗುಮಾಸ್ತರಾಗಿದ್ದವರು, ಅಶ್ವತ್ಥನಾರಾಯಣರ ಹಳೆಯ ಗೆಳೆಯರು. ಅದೇ ಲಕ್ಷ್ಮೀ ನಗರದಲ್ಲಿ, ದಿಲೀಪನ ಅಂಗಡಿಯಿಂದ ಎರಡು ಗಲ್ಲಿ ಆಚೆ ಅವರ ಸ್ವಂತ ಮನೆ. ಅಶ್ವತ್ಥನಾರಾಯಣರ ಪ್ರಕಾರ ತಾವು ಮಿತವ್ಯಯಿ, ಗುಂಡಣ್ಣ ಜಿಪುಣ. ಗುಂಡಣ್ಣನ ಪ್ರಕಾರ ಇದು ತಿರುಗುಮುರುಗಾಗಿತ್ತು. ಈ ಮನೆಯ ಗೃಹಪ್ರವೇಶಕ್ಕೆ ದೇವಕಿ ಬಂದು ಹಾಡಿದ್ದು ಅಶ್ವತ್ಥನಾರಾಯಣರಿಗೆ ಚೆನ್ನಾಗಿ ನೆನಪಿತ್ತು.

ಗುಂಡಣ್ಣ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು. “ಈಗ ನೆನಪಾಯ್ತೇನಯ್ಯಾ? ಇಡೀ ದೆಹಲಿ ಕನ್ನಡಿಗರು ನಿನ್ನ ಸಾಕ್ಷ್ಯಚಿತ್ರದಲ್ಲಿದ್ದಾರೆ. ಗುಂಡಣ್ಣ ಒಬ್ಬ ಕನ್ನಡಿಗ ಅಲ್ಲ.”

“ಹಾಗಲ್ಲ ಮಾರಾಯ. ನಿನ್ನ ಟೇಪಿಗೆ ಮಿಕ್ಸಿಂಗ್ ಮಾಡಿಸಿದ್ಯಾ?”

“ಯಾಕೆ ಮಾಡಿಸ್ಲಿ? ನಮ್ಮನೆ ಗೃಹಪ್ರವೇಶದಲ್ಲಿ ಯಾವ ನಾಯಕ ಬಂದು ಹಾಡಿದ್ದ?”

ಅಶ್ವತ್ಥನಾರಾಯಣರಿಗೆ ಜೀವಮಾನದಲ್ಲಿ ಮೊದಲ ಬಾರಿಗೆ ಗುಂಡಣ್ಣನ ಕಾಲಿಗೆ ಬೀಳಬೇಕೆನಿಸಿತು. ಆದರೆ ಗುಂಡಣ್ಣ ಕ್ಯಾಸೆಟ್ ಕೈಗೆ ಕೊಡಲು ಒಪ್ಪಲಿಲ್ಲ. ಗುಂಡಣ್ಣ ಇವತ್ತಿನವರೆಗೂ ಯಾರಿಗೂ ಒಂದು ಊಟ ಹಾಕಿಲ್ಲ ಎಂದು ಸಂಘದಲ್ಲಿ ಒಂದು ಮಾತಿತ್ತು. ಹಾಕಿದ್ದಕ್ಕೆ ಈ ಕ್ಯಾಸೆಟ್ಟೇ ಸಾಕ್ಷಿ. ತಾವೇ ದಿಲೀಪನ ಬಳಿ ಡಿಸ್ಕ್ ಮಾಡಿಸಿ, ನೇರವಾಗಿ ಹಾಲಿಗೆ ತರುವುದಾಗಿಯೂ, ಜಾಯಿಂಟ್ ಸೆಕ್ರೆಟರಿಯ ಎದುರು ಅದನ್ನೇ ಮೊದಲು, ಪೂರ್ತಿಯಾಗಿ ತೋರಿಸಬೇಕೆಂದೂ ಹೇಳಿದರು. ಅದಕ್ಕೆ ಮೊದಲು ಯಾರಿಗೂ ತೋರಿಸುವುದಿಲ್ಲ.

“ನಂಗೆ ಒಂದು ಸಲ ಕೇಳಿಸಿಬಿಡೋ,” ಎಂದರು ಅಶ್ವತ್ಥನಾರಾಯಣರು.

“ಎಲ್ಲರ ಜೊತೆ ನೋಡು,” ಎಂದು ಗುಂಡಣ್ಣ ಬಾಗಿಲು ಹಾಕಿಕೊಂಡರು.

ಆ ಭಾನುವಾರ ಸಂಘದ ಹಾಲು ಕಿಕ್ಕಿರಿದಿತ್ತು. ಉಪ್ಪಿಟ್ಟು ಕೇಸರಿಬಾತ್ ಮುಗಿಸಿ ಜನ ತಮ್ಮ ತಮ್ಮ ಷರತ್ತುಗಳು ಪಾಲನೆಯಾಗಿವೆಯೇ ಎಂದು ನೋಡಲು ಕುಳಿತಿದ್ದರು. ವಸಂತಿ ಅತ್ತೆಯನ್ನು ಮುಂದಿನ ಸಾಲಿನಲ್ಲೇ ಕೂರಿಸಿದ್ದಳು. ಅಶ್ವತ್ಥನಾರಾಯಣರು ಮಗಳ ಪಕ್ಕ ಕುಳಿತಿದ್ದರು. ಸಾ‌ಕ್ಷ್ಯಚಿತ್ರ ಎಂಬುದು ಇಲ್ಲವೇ ಇಲ್ಲ, ಒಂದರ ಹಿಂದೊಂದು ಡಿಸ್ಕ್ ಹಾಕುವುದಷ್ಟೇ ಎಂಬ ಸತ್ಯ ಇನ್ನು ಸ್ವಲ್ಪ ಹೊತ್ತಿಗೆ ಬಯಲಾಗಲಿತ್ತು. ಅದರ ಚಿಂತೆ ಅವರಿಗಿರಲಿಲ್ಲ. ಒಂದು ಹಾಡು ಕೇಳಿಸಿದ ಮೇಲೆ ಸಂಘದವರು ಏನು ಬೇಕಾದರೂ ಅನ್ನಲಿ.

ಗುಂಡಣ್ಣ ಒಗೆದ ಪಂಚೆಯುಟ್ಟು ಬಂದು ಡಿಸ್ಕನ್ನು ತಾವೇ ಪ್ಲೇಯರಿನೊಳಗೆ ಇಟ್ಟರು. ಮಹಂತೇಶ್ ಮೈಕ್ ಹಿಡಿದು ಪಕ್ಕದಲ್ಲಿ ನಿಂತರು.

ಪರದೆಯ ಮೇಲೆ ಲಕ್ಷ್ಮೀ ನಗರದ ಮನೆ ಬಂತು. ಕ್ಯಾಮೆರಾದವನಿಗೆ ಕಡಿಮೆ ದುಡ್ಡು ಕೊಟ್ಟಿದ್ದರಿಂದ ಅವನು ಕ್ಯಾಮೆರಾವನ್ನು ಮೂಲೆಯಲ್ಲಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಎಲ್ಲೋ ಹೋಗಿದ್ದ. ಎದುರಿಗೆ ಊಟದ ಪಂಕ್ತಿ, ಅದರಾಚೆ ಹೊಸಿಲ ಬಳಿ ಹೆಂಗಸರು. “ನೋಡ್ರಪ್ಪಾ, ಎಲೆ ಎಣಿಸಿಕೊಳ್ಳಿ,” ಎಂದು ಗುಂಡಣ್ಣ ಹಾಲಿಗೆಲ್ಲ ಹೇಳಿದರು. ಹೆಂಗಸರ ನಡುವೆ ದೇವಕಿ ಕುಳಿತಿದ್ದಳು. ಅವಳು ಗಂಟಲು ಸರಿಮಾಡಿಕೊಂಡಳು. ಆ ಸದ್ದು ಕೂಡ ಸ್ಪಷ್ಟವಾಗಿ ಕೇಳಿತು. ಅಪೂರ್ವ ಅಪ್ಪನ ಮೊಣಕೈ ಹಿಡಿದುಕೊಂಡಳು.

ದೇವಕಿ ಹಾಡಲು ಶುರುಮಾಡಿದಳು. ಅದೇ ಹೊತ್ತಿಗೆ ಕ್ಯಾಮೆರಾದ ಮಗ್ಗುಲಲ್ಲೇ ಗಂಡಸೊಬ್ಬ ಮಾತಾಡಲು ಶುರುಮಾಡಿದ.

“ನೋಡ್ರೀ, ಐದನೇ ಪೇ ಕಮಿಷನ್‌ನಲ್ಲಿ ಬೇಸಿಕ್ಕಿಗೆ ಡಿಎ ಸೇರಿಸಿ ಫಿಟ್‌ಮೆಂಟ್ ಕೊಡ್ತಾರೆ. ಅರಿಯರ್ಸ್ ಎಲ್ಲಿಂದ ಸಿಗತ್ತೆ ಅಂತೀರಿ? ಅದು ಹೇಳ್ತೀನಿ ಕೇಳಿ...”

ಆಳು ಕಾಣುತ್ತಿರಲಿಲ್ಲ, ಒಂದು ಬಿಳಿ ಅಂಗಿಯ ತೋಳು ಮಾತ್ರ ಆಗಾಗ ಪರದೆಯ ಅಂಚಿಗೆ ಬಂದು ಲೆಕ್ಕ ಹಾಕುತ್ತಿತ್ತು. ಆದರೆ ದನಿ ಯಾರದೆಂದು ಹಾಲಿನಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ. ಒಬ್ಬರು ನಕ್ಕರು, ಆಮೇಲೆ ಸಾಲಿಗೆ ಸಾಲೇ ಅಶ್ವತ್ಥನಾರಾಯಣರತ್ತ ತಿರುಗಿ ನಕ್ಕಿತು. ನಿವೃತ್ತ ನೌಕರರು ಕೆಲವರು ಲೆಕ್ಕವನ್ನು ಶ್ರದ್ಧೆಯಿಂದ ಕೇಳಿಸಿಕೊಳ್ಳತೊಡಗಿದರು. ಜಾಯಿಂಟ್ ಸೆಕ್ರೆಟರಿ ತಲೆದೂಗಿ, ಈ ಮನುಷ್ಯನ ವಿಶ್ಲೇಷಣೆ ಸರಿಯಾಗಿದೆ ಎಂದು ಪಕ್ಕದವರಿಗೆ ಹೇಳಿದರು. ಪರದೆಯ ದೂರದ ತುದಿಯಲ್ಲಿ ದೇವಕಿ ಒಮ್ಮೆ ಹಾಡುತ್ತಲೇ ತಿರುಗಿ, ಮಾತು ಬರುತ್ತಿದ್ದ ಕಡೆ ನೋಡಿದಳು. ಆಮೇಲೆ ಮತ್ತೆ ಆ ಕಡೆ ತಿರುಗಿ ಹಾಡು ಮುಂದುವರಿಸಿದಳು. ಒಂದು ನುಡಿ ಆಯಿತು, ಎರಡು ನುಡಿ ಆಯಿತು. ಮನೆಬಾಡಿಗೆ ಭತ್ಯೆ ಮುಗಿದು ಪೆನ್ಷನ್ ಶುರುವಾಯಿತು.

ಅಶ್ವತ್ಥನಾರಾಯಣರು ಎದ್ದು ನಿಂತರು.

“ಏಯ್,” ಎಂದು ಪರದೆಯತ್ತ ಕೈ ತೋರಿಸಿ ಕೂಗಿದರು. “ಸ್ವಲ್ಪ ಬಾಯಿ ಮುಚ್ಚೋ. ಎಷ್ಟು ಮಾತಾಡ್ತೀಯ. ಅವಳು ಹಾಡ್ತಿದ್ದಾಳೆ, ಕೇಳಿಸಲ್ವಾ ನಿಂಗೆ?”

ನಗು ನಿಂತಿತು. ಮೈಕಿನಲ್ಲಿ ಅತಿಥಿಗಳಿಗೆ ವಿವರಣೆ ಕೊಡುತ್ತಿದ್ದ ಮಹಂತೇಶ್, ಅದು ತಮಗೇ ಹೇಳಿದ್ದೆಂದು ತಿಳಿದು ಮುಖ ಕೆಂಪಗೆ ಮಾಡಿಕೊಂಡು ಕೆಳಗಿಳಿದರು. ಪರದೆಯ ಮೇಲಿನವನು ಮಾತ್ರ ಇವರ ಮಾತಿಗೆ ಬೆಲೆ ಕೊಡದೆ ಪೆನ್ಷನ್ನಿನ ಕಮ್ಯುಟೇಶನ್ ವಿಷಯ ಎತ್ತಿಕೊಂಡ. ಹಾಡು ಮುಗಿಯಿತು. ಹೆಂಗಸರು ಎದ್ದು ಒಳಗೆ ಹೋದರು. ಪಂಕ್ತಿಗೆ ಮಜ್ಜಿಗೆ ಬಂತು.

ಸಾಕ್ಷ್ಯಚಿತ್ರದ ಗತಿ ಏನಾಯಿತೆಂದು ವಿವರಿಸುವ ಅಗತ್ಯವಿಲ್ಲ. ಗುಂಡಣ್ಣನ ಒಂದು ಕಳಂಕ ಕಳೆಯಿತು. ಅಶ್ವತ್ಥನಾರಾಯಣರಿಗೆ ತಲೆ ಕೆಟ್ಟಿದೆ ಎಂದು ಸಂಘ ತೀರ್ಮಾನಿಸಿತು.

ಎರಡು ದಿನ ಬಿಟ್ಟು ವರ್ಷಾಬ್ದಿಕ ಆಯಿತು. ಪುರೋಹಿತರೂ ನೆಂಟರೂ ಊಟ ಮಾಡಿ ಹೋದರು. ಮಧ್ಯಾಹ್ನದ ಮನೆಯಲ್ಲಿ ತಂದೆ ಮಗಳು ಇಬ್ಬರೇ ಉಳಿದರು. ಗೋಡೆಯ ಮೇಲೆ ದೇವಕಿಯ ಫೋಟೋಗೆ ಹಾಕಿದ ಹಾರ ಕೂಲರಿನ ಗಾಳಿಗೆ ಅಲ್ಲಾಡುತ್ತಿತ್ತು.

“ನಿನ್ನ ನಾಮಕರಣದ ಕ್ಯಾಸೆಟ್ ಲ್ಯಾಬಿನಲ್ಲಿಲ್ಲ,” ಎಂದರು ಅಶ್ವತ್ಥನಾರಾಯಣರು. “ನಾನೇ ಬಿಸಿಲಿಗಿಟ್ಟು ಹಾಳು ಮಾಡಿದೆ. ಬೂಷ್ಟು ತೆಗೆಸೋ ದುಡ್ಡು ಉಳಿಸೋಣ ಅಂತ.”

“ಗೊತ್ತು ಅಪ್ಪಾ. ವಾಚ್‌ಮನ್ ಫೋಟೋ ತೋರಿಸಿದ.”

“ಯಾವಾಗ?”

“ಸ್ವೀಟ್ ತಂದಿದ್ನಲ್ಲ, ಆವತ್ತು.”

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಅಪೂರ್ವ ಎದ್ದು ಗುಂಡಣ್ಣನ ಡಿಸ್ಕನ್ನು ಪ್ಲೇಯರಿಗೆ ಹಾಕಿದಳು. ಗುಂಡಣ್ಣ ಅದನ್ನು ಪುಕ್ಕಟೆಯಾಗಿಯೇ ಕೊಟ್ಟಿದ್ದರು. ಮತ್ತೆ ಅದೇ ಪಂಕ್ತಿ, ಅದೇ ಹೊಸಿಲು, ಅದೇ ಅರಿಯರ್ಸ್. ಅಶ್ವತ್ಥನಾರಾಯಣರಿಗೆ ಕೇಳಲಾಗಲಿಲ್ಲ.

“ಆರಿಸಿಬಿಡಮ್ಮ. ಆ ಮನುಷ್ಯ ಬಾಯಿ ಮುಚ್ಚಲ್ಲ.”

“ಮುಚ್ತೀಯ. ನಾನು ನಿನ್ನೆ ನೋಡಿದೆ. ಏಕ್ ಮಿನಿಟ್, ಈಗ ನೋಡು, ನೀನು ಕಾಫಿ ಕುಡೀತೀಯ.”

ಪರದೆಯ ಅಂಚಿನಲ್ಲಿ ಯಾರದೋ ಕೈ ಒಂದು ಲೋಟ ಚಾಚಿತು. ಬಿಳಿ ಅಂಗಿಯ ತೋಳು ಅದನ್ನು ತೆಗೆದುಕೊಂಡಿತು. ಪೆನ್ಷನ್ ನಿಂತಿತು. ಆ ಒಂದು ಗುಟುಕಿನ ಹೊತ್ತು ದೇವಕಿಯ ದನಿ, ಗಾಯವಾಗದ, ತುಂಬಿದ ದನಿ, ಯಾರ ಅಡ್ಡಿಯೂ ಇಲ್ಲದೆ ಕೋಣೆಯೊಳಗೆ ಬಂತು. ಹಾಡು ‘ಮೆಲ್ಲನೆ ಅಡಿಯಿಡೆ’ ಎಂಬಲ್ಲಿಗೆ ಬರುವಷ್ಟರಲ್ಲಿ ಲೋಟ ಕೆಳಗಿಳಿಯಿತು, ಕಮ್ಯುಟೇಶನ್ ಶುರುವಾಯಿತು.

ಸಂಘದ ಹಾಲಿನಲ್ಲಿ ಅಶ್ವತ್ಥನಾರಾಯಣರು ಎದ್ದು ನಿಂತು ಕೂಗಿದ್ದು ಸರಿಯಾಗಿ ಈ ಗುಟುಕಿನ ಹೊತ್ತಿನಲ್ಲಿ.

ಅಪೂರ್ವ ಹಿಂದಕ್ಕೆ ಓಡಿಸಿದಳು. ಮತ್ತೆ ಲೋಟ ಬಂತು, ಮತ್ತೆ ದನಿ ಬಂತು, ಮತ್ತೆ ಹೋಯಿತು.

“ಇನ್ನೊಂದು ಗುಟುಕು ಕುಡೀಬಾರದಿತ್ತಾ ಅಪ್ಪಾ?”

“ಬಿಸಿ ಇತ್ತೇನೋ ಕಣಮ್ಮ,” ಎಂದರು ಅಶ್ವತ್ಥನಾರಾಯಣರು. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅಪೂರ್ವ ಮತ್ತೆ ಹಿಂದಕ್ಕೆ ಓಡಿಸಿದಳು.